ಬ್ರಿಟನ್ನಿನ ಓರಿಯೆಂಟಿಯರಿಂಗ್ ಕ್ಲಬ್‌ಗಳು

ಬ್ರಿಟನ್ನಿನ ಓರಿಯೆಂಟಿಯರಿಂಗ್ ಕ್ಲಬ್‌ಗಳು ಓರಿಯೆಂಟಿಯರಿಂಗ್ ಕ್ರೀಡೆಯನ್ನು ಸ್ಥಳೀಯ ಮಟ್ಟದಲ್ಲಿ ನಡೆಸುವ, ಸಂಬಳ ಪಡೆಯದ ಸದಸ್ಯರೇ ನಿರ್ವಹಿಸುವ ಸಂಘಗಳು. ನಕ್ಷೆ ಮತ್ತು ದಿಕ್ಸೂಚಿಯನ್ನು ಮಾತ್ರ ನೆಚ್ಚಿಕೊಂಡು, ಕಾಡಿನಲ್ಲಿ, ಗುಡ್ಡದ ಬಯಲಿನಲ್ಲಿ ಅಥವಾ ಪಟ್ಟಣದ ಓಣಿಗಳಲ್ಲಿ ಗುರುತಿಸಿಟ್ಟ ಸ್ಥಾನಗಳನ್ನು ಗೊತ್ತುಪಡಿಸಿದ ಕ್ರಮದಲ್ಲಿ ಮುಟ್ಟಿ, ಆದಷ್ಟು ಬೇಗ ಕೊನೆಯ ಗೆರೆಯನ್ನು ತಲುಪುವುದು ಈ ಕ್ರೀಡೆಯ ತಿರುಳು. ಈ ಸ್ಥಾನಗಳನ್ನು ಕಂಟ್ರೋಲ್ ಎಂದು ಕರೆಯುತ್ತಾರೆ. ಒಂದು ಕಂಟ್ರೋಲಿನಿಂದ ಮುಂದಿನದಕ್ಕೆ ಯಾವ ದಾರಿಯಲ್ಲಿ ಹೋಗಬೇಕೆಂಬುದು ಓಟಗಾರನ ಆಯ್ಕೆಗೆ ಬಿಟ್ಟದ್ದು. ದೇಶದಲ್ಲಿ ಇಂತಹ ನೂರಕ್ಕೂ ಹೆಚ್ಚು ಕ್ಲಬ್‌ಗಳಿದ್ದು, ಅವು ‘ಬ್ರಿಟಿಷ್ ಓರಿಯೆಂಟಿಯರಿಂಗ್’ ಎಂಬ ರಾಷ್ಟ್ರೀಯ ಒಕ್ಕೂಟಕ್ಕೆ ಸೇರಿವೆ.

ಕ್ರಿಕೆಟ್ ಅಥವಾ ಫುಟ್‌ಬಾಲ್ ಕ್ಲಬ್ಬಿಗೆ ಸಿದ್ಧವಾದ ಮೈದಾನವಿರುತ್ತದೆ. ಓರಿಯೆಂಟಿಯರಿಂಗ್ ಕ್ಲಬ್ ಪ್ರತಿ ಸಲವೂ ತನ್ನ ಮೈದಾನವನ್ನು ಹೊಸದಾಗಿ ಕಟ್ಟಿ, ಸಂಜೆಯೊಳಗೆ ಕಳಚಿಡಬೇಕು. ಮಾಲೀಕರಿಂದ ನೆಲವನ್ನು ಕೇಳಿ ಪಡೆಯುವುದು, ಅದರ ನಕ್ಷೆಯನ್ನು ಬರೆಯುವುದು, ದಾರಿಗಳನ್ನು ಯೋಜಿಸುವುದು, ಹೋದವರೆಲ್ಲ ಹಿಂತಿರುಗಿದರೇ ಎಂದು ಎಣಿಸುವುದು, ಇವೆಲ್ಲವೂ ಓಡಲೆಂದು ಸೇರಿದವರ ಹೆಗಲ ಮೇಲೆಯೇ ಬೀಳುತ್ತವೆ.

ಹಿನ್ನೆಲೆ

ಓರಿಯೆಂಟಿಯರಿಂಗ್ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಸ್ಕ್ಯಾಂಡಿನೇವಿಯಾದ ಸೈನಿಕ ತರಬೇತಿಯಲ್ಲಿ. ಸಾರ್ವಜನಿಕರಿಗೆ ತೆರೆದ ಮೊದಲ ಸ್ಪರ್ಧೆಯನ್ನು 1897ರ ಅಕ್ಟೋಬರ್ 31ರಂದು ನಾರ್ವೆಯ ಟ್ಯಾಲ್ವೆ ಕ್ರೀಡಾ ಸಂಘ ನಡೆಸಿತು. ಸ್ವೀಡನ್ನಿನ ಅರ್ನ್ಸ್ಟ್ ಕಿಲಾಂಡರ್ ಎಂಬ ಸೇನಾಧಿಕಾರಿ 1919ರಲ್ಲಿ ಸ್ಟಾಕ್‌ಹೋಮ್ ಬಳಿ ಏರ್ಪಡಿಸಿದ ಸ್ಪರ್ಧೆಯೊಂದಿಗೆ ಇದು ಜನಪ್ರಿಯ ಆಟವಾಗಿ ಬೇರೂರಿತು. ಹತ್ತು ದೇಶಗಳು ಕೂಡಿ 1961ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅಂತರರಾಷ್ಟ್ರೀಯ ಓರಿಯೆಂಟಿಯರಿಂಗ್ ಒಕ್ಕೂಟವನ್ನು ಸ್ಥಾಪಿಸಿದವು. ಆ ಹತ್ತರಲ್ಲಿ ಬ್ರಿಟನ್ ಇರಲಿಲ್ಲ.

ಬ್ರಿಟನ್ನಿನಲ್ಲಿ ಆಟ ಕಾಲೂರಿದ್ದು 1960ರ ದಶಕದಲ್ಲಿ. ಅದನ್ನು ಬೆಳೆಸಿದವರಲ್ಲಿ ಇಬ್ಬರು ಒಲಿಂಪಿಕ್ ಓಟಗಾರರು ಪ್ರಮುಖರು: 1952ರ ಹೆಲ್ಸಿಂಕಿ ಕ್ರೀಡಾಕೂಟದ ಸ್ಟೀಪಲ್‌ಚೇಸ್‌ನಲ್ಲಿ ಕಂಚು ಗೆದ್ದ ಜಾನ್ ಡಿಸ್ಲಿ ಮತ್ತು 1956ರ ಮೆಲ್ಬರ್ನ್ ಕೂಟದ ಅದೇ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಕ್ರಿಸ್ ಬ್ರೇಷರ್. 1981ರಲ್ಲಿ ಲಂಡನ್ ಮ್ಯಾರಥಾನ್ ಆರಂಭಿಸಿದವರೂ ಇವರೇ. ರಾಷ್ಟ್ರೀಯ ಒಕ್ಕೂಟ ರೂಪುಗೊಂಡ 1967ರಲ್ಲಿಯೇ ‘ಜೆಕೆ’ ಎಂದು ಚಿರಪರಿಚಿತವಾದ ಈಸ್ಟರ್ ಕಾಲದ ಉತ್ಸವ ಮೊದಲ ಬಾರಿಗೆ ನಡೆಯಿತು. ಸಿಲ್ವಾ ದಿಕ್ಸೂಚಿ ತಯಾರಿಸುತ್ತಿದ್ದ ಸ್ವೀಡಿಷ್ ಕುಟುಂಬದ ಯಾನ್ ಷೆಲ್‌ಸ್ಟ್ರೋಮ್ ಬ್ರಿಟನ್ನಿನಲ್ಲಿ ಈ ಆಟವನ್ನು ಕಲಿಸಲು ನೆರವಾಗಿ, ಆ ವರ್ಷವೇ ರಸ್ತೆ ಅಪಘಾತದಲ್ಲಿ ತೀರಿಕೊಂಡನು. ಉತ್ಸವದ ಹೆಸರು ಅವನ ನೆನಪಿಗಾಗಿ ಇಟ್ಟದ್ದು.

ಕ್ಲಬ್‌ಗಳ ಹೆಸರುಗಳಲ್ಲಿ ಆ ಕಾಲದ ತಮಾಷೆಯ ಮನೋಧರ್ಮ ಇಂದಿಗೂ ಉಳಿದಿದೆ. ದಕ್ಷಿಣ ಲಂಡನ್ನಿನ ಓಟಗಾರರ ಕ್ಲಬ್ಬಿನ ಸಂಕ್ಷಿಪ್ತ ನಾಮ ‘ಸ್ಲೋ’, ಅಂದರೆ ನಿಧಾನ. ಹ್ಯಾವರಿಂಗ್ ಮತ್ತು ದಕ್ಷಿಣ ಎಸೆಕ್ಸ್ ಭಾಗದ ಕ್ಲಬ್ ತನ್ನನ್ನು ‘ಹ್ಯಾವಕ್’, ಅಂದರೆ ಅನಾಹುತ ಎಂದು ಕರೆದುಕೊಳ್ಳುತ್ತದೆ.

ಆಡಳಿತ

ಬಹುತೇಕ ಕ್ಲಬ್‌ಗಳಿಗೆ ಸ್ವಂತ ಕಟ್ಟಡವಿಲ್ಲ. ಡೇರೆ, ಬಿದಿರು ಕೋಲು, ಧ್ವಜ, ವಿದ್ಯುನ್ಮಾನ ಪೆಟ್ಟಿಗೆಗಳೆಲ್ಲ ಯಾರಾದರೊಬ್ಬ ಸದಸ್ಯರ ಗ್ಯಾರೇಜಿನಲ್ಲಿರುತ್ತವೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಮೂರು ಮಾಮೂಲು ಹುದ್ದೆಗಳು ಇಲ್ಲಿಯೂ ಇದ್ದು, ವಾರ್ಷಿಕ ಮಹಾಸಭೆಯಲ್ಲಿ ಅವುಗಳಿಗೆ ಆಯ್ಕೆ ನಡೆಯುತ್ತದೆ. ಆದರೆ ಕ್ಲಬ್ಬಿನ ನಿಜವಾದ ಭಾರ ಹೊರುವವರು ಬೇರೆಯವರು. ಯಾವ ಭಾನುವಾರ ಯಾವ ಕಾಡಿನಲ್ಲಿ ಸ್ಪರ್ಧೆ ಎಂಬ ಪಂಚಾಂಗವನ್ನು ನೆರೆಯ ಕ್ಲಬ್‌ಗಳೊಡನೆ ಹೊಂದಿಸುವವರು ಕಾರ್ಯಕ್ರಮ ಕಾರ್ಯದರ್ಶಿ. ಯಾವ ನಕ್ಷೆ ಹಳೆಯದಾಯಿತು, ಮುಂದಿನದನ್ನು ಯಾರು ಬರೆಯಬೇಕು ಎಂಬುದನ್ನು ನೋಡಿಕೊಳ್ಳುವವರು ನಕ್ಷೆ ಅಧಿಕಾರಿ. ಉಪಕರಣಗಳಿಗೆ ಒಬ್ಬರು, ಮಕ್ಕಳ ಹಿತರಕ್ಷಣೆಗೆ ಇನ್ನೊಬ್ಬರು ಇರುತ್ತಾರೆ. ಅಧ್ಯಕ್ಷರಿಲ್ಲದೆ ಒಂದು ವರ್ಷ ಕಳೆದರೂ ಕ್ಲಬ್ ಉಳಿದೀತು; ಕಾರ್ಯಕ್ರಮ ಕಾರ್ಯದರ್ಶಿ ಇಲ್ಲದಿದ್ದರೆ ಒಂದು ಋತು ದಾಟುವುದೂ ಕಷ್ಟ.

ಆದಾಯದ ಮುಖ್ಯ ಮೂಲಗಳು ಪ್ರವೇಶ ಶುಲ್ಕ ಮತ್ತು ಸದಸ್ಯತ್ವ ಶುಲ್ಕ. ನಕ್ಷೆ ಮುದ್ರಣ, ನೆಲದ ಬಾಡಿಗೆ, ಸಂಚಾರಿ ಶೌಚಾಲಯ, ಪ್ರಥಮ ಚಿಕಿತ್ಸೆ, ಪ್ರತಿ ಸ್ಪರ್ಧಿಯ ಲೆಕ್ಕದಲ್ಲಿ ಒಕ್ಕೂಟಕ್ಕೆ ಕೊಡಬೇಕಾದ ಪಾಲು ಇವು ಪ್ರಧಾನ ಖರ್ಚುಗಳು. ಒಕ್ಕೂಟದ ಮೂಲಕ ಸಿಗುವ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಇಲ್ಲದಿದ್ದರೆ ಯಾವ ಭೂಮಾಲೀಕರೂ ತಮ್ಮ ಕಾಡಿನೊಳಗೆ ನೂರಾರು ಜನರನ್ನು ಬಿಡಲೊಪ್ಪುವುದಿಲ್ಲ. ಒಕ್ಕೂಟಕ್ಕೆ ಸೇರುವುದರ ದೊಡ್ಡ ಪ್ರಾಯೋಗಿಕ ಲಾಭ ಇದೇ.

ನೆಲದ ಅನುಮತಿ

ಸ್ವೀಡನ್ನಿನಲ್ಲಿ ಯಾರ ಕಾಡಿನಲ್ಲಾದರೂ ಹಾನಿಮಾಡದೆ ಓಡಾಡುವ ಸಾಂಪ್ರದಾಯಿಕ ಹಕ್ಕು ಜನರಿಗಿದೆ. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಹೆಚ್ಚುಕಡಿಮೆ ಅಂತಹದೇ ಹಕ್ಕನ್ನು ನೀಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಿತಿ ಬೇರೆ. ಅಲ್ಲಿನ 2000ದ ಗ್ರಾಮಾಂತರ ಮತ್ತು ಸಂಚಾರ ಹಕ್ಕುಗಳ ಕಾಯ್ದೆ ಗುರುತಿಸಿದ ಬಯಲುಗಳಲ್ಲಿ ಕಾಲ್ನಡಿಗೆಯ ಹಕ್ಕನ್ನು ಕೊಟ್ಟರೂ, ಸ್ಪರ್ಧೆ ಸಂಘಟಿಸಲು ಮಾಲೀಕರ ಒಪ್ಪಿಗೆ ಬೇಕೇ ಬೇಕು. ಹೀಗಾಗಿ ಒಂದೇ ಕಾಡಿಗೆ ಅರಣ್ಯ ಸಂಸ್ಥೆ, ಪಕ್ಕದ ಗದ್ದೆಯ ರೈತ, ಬೇಟೆಯ ಹಕ್ಕು ಪಡೆದ ಗುತ್ತಿಗೆದಾರ, ಪ್ರಕೃತಿ ಸಂರಕ್ಷಣಾ ಇಲಾಖೆ ಹೀಗೆ ನಾಲ್ಕೈದು ಕಡೆ ಪತ್ರ ಬರೆಯಬೇಕಾಗಬಹುದು.

ಋತುಮಾನವೂ ಕೈ ಕಟ್ಟುತ್ತದೆ. ವಸಂತದಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ತೊಂದರೆಯಾಗಬಾರದು. ಶರತ್ಕಾಲದಲ್ಲಿ ಫೆಸೆಂಟ್ ಹಕ್ಕಿಗಳ ಬೇಟೆ, ಚಳಿಗಾಲದಲ್ಲಿ ಜಿಂಕೆಗಳ ಸಂಖ್ಯೆ ಇಳಿಸುವ ಕೆಲಸ. ಬೇಸಿಗೆಯಲ್ಲಿ ಬ್ರಾಕೆನ್ ಜರಿಗಿಡ ಎದೆಯೆತ್ತರಕ್ಕೆ ಬೆಳೆದು ಓಡುವುದೇ ಅಸಾಧ್ಯ. ಅನುಮತಿ ಕೇಳಲು ಮನೆಬಾಗಿಲಿಗೆ ಹೋಗಿ ಮಾತನಾಡುವ, ಸ್ಪರ್ಧೆಯ ಮರುದಿನ ಫೋನ್ ಮಾಡಿ ಧನ್ಯವಾದ ಹೇಳುವ ಒಬ್ಬ ಹಿರಿಯ ಸದಸ್ಯರಿಂದಲೇ ಎಷ್ಟೋ ಕ್ಲಬ್‌ಗಳ ಒಳ್ಳೆಯ ಕಾಡುಗಳು ಅವುಗಳ ಕೈಯಲ್ಲಿ ಉಳಿದಿವೆ. ಅಂತಹವರು ಊರು ಬಿಟ್ಟಾಗ ಪರಿಚಯದ ಆ ಎಳೆ ತುಂಡಾಗುತ್ತದೆ. ಗೇಟು ತೆರೆದಿಟ್ಟು ಕುರಿಗಳು ಹೊರಗೆ ಹೋದ ಒಂದೇ ಪ್ರಸಂಗ ಹಲವು ವರ್ಷಗಳ ವಿಶ್ವಾಸವನ್ನು ಕಳೆಯಬಲ್ಲದು.

ಕ್ರೀಡೆ ಈ ಅನುಮತಿಗಳ ಮೇಲೆ ಎಷ್ಟು ಅವಲಂಬಿಸಿದೆ ಎಂಬುದು 2001ರಲ್ಲಿ ಸ್ಪಷ್ಟವಾಯಿತು. ಆ ವರ್ಷದ ಫೆಬ್ರವರಿಯಲ್ಲಿ ಜಾನುವಾರುಗಳ ಕಾಲುಬಾಯಿ ರೋಗ ಬ್ರಿಟನ್ನಿನಲ್ಲಿ ಕಾಣಿಸಿಕೊಂಡು, ಗ್ರಾಮಾಂತರದ ಕಾಲುದಾರಿಗಳನ್ನು ಮುಚ್ಚಲಾಯಿತು. ಜೆಕೆ ಉತ್ಸವವೂ ಸೇರಿ ಆ ವಸಂತದ ಸ್ಪರ್ಧೆಗಳು ರದ್ದಾದವು.

ನಕ್ಷೆ

ಕ್ಲಬ್ಬಿನ ಅತ್ಯಂತ ಬೆಲೆಬಾಳುವ ಆಸ್ತಿ ಅದರ ನಕ್ಷೆಗಳು. ಸಾಮಾನ್ಯ ಪ್ರವಾಸಿ ನಕ್ಷೆಯಲ್ಲಿ ಕಾಡೆಂದರೆ ಒಂದು ಹಸಿರು ತೇಪೆ, ನಡುವೆ ಎರಡು ದಾರಿ. ಓರಿಯೆಂಟಿಯರಿಂಗ್ ನಕ್ಷೆಯಲ್ಲಿ ಮನುಷ್ಯನೆತ್ತರದ ಬಂಡೆ, ಒಣಗಿದ ಹಳ್ಳ, ಬೇಲಿಯ ಮುರುಕು, ಮಣ್ಣಿನ ದಿಬ್ಬ, ಪೊದೆಯ ಅಂಚು ಎಲ್ಲವೂ ಇರಬೇಕು. ಕಾಡಿನ ನಕ್ಷೆಗಳ ಅಳತೆ 1:15,000 ಅಥವಾ 1:10,000. ಪಟ್ಟಣದಲ್ಲಿ ನಡೆಯುವ ಸ್ಪ್ರಿಂಟ್ ಸ್ಪರ್ಧೆಗಳಿಗೆ 1:4,000 ಅಥವಾ 1:3,000. ಎತ್ತರವನ್ನು ತೋರಿಸುವ ಸಮೋನ್ನತಿ ರೇಖೆಗಳ ನಡುವಿನ ಅಂತರ ಸಾಮಾನ್ಯವಾಗಿ 5 ಮೀಟರ್.

ಬಣ್ಣಗಳ ಅರ್ಥ ಹೊಸಬರನ್ನು ಗೊಂದಲಕ್ಕೆ ದೂಡುತ್ತದೆ. ಇಲ್ಲಿ ಸರಾಗವಾಗಿ ಓಡಬಹುದಾದ ಕಾಡು ಬಿಳಿ. ಮರಗಳಿಲ್ಲದ ತೆರವು ಹಳದಿ. ಹಸಿರು ಗಾಢವಾದಷ್ಟೂ ಗಿಡಗಂಟಿಗಳು ದಟ್ಟವಾಗಿ ಓಟ ನಿಧಾನವಾಗುತ್ತದೆ ಎಂದರ್ಥ. ಕಂದು ನೆಲದ ಏರಿಳಿತಕ್ಕೆ, ನೀಲಿ ನೀರಿಗೆ, ಕಪ್ಪು ಬಂಡೆ ಮತ್ತು ಮಾನವ ನಿರ್ಮಿತಿಗಳಿಗೆ ಮೀಸಲು. ಓಡಬೇಕಾದ ಪಥವನ್ನು ನೇರಳೆ ಬಣ್ಣದಲ್ಲಿ ಮೇಲೆ ಮುದ್ರಿಸುತ್ತಾರೆ. ಈ ಚಿಹ್ನೆಗಳನ್ನು ಅಂತರರಾಷ್ಟ್ರೀಯ ಒಕ್ಕೂಟವೇ ನಿಗದಿಪಡಿಸಿರುವುದರಿಂದ, ಫಿನ್‌ಲೆಂಡಿನ ಓಟಗಾರ್ತಿ ಭಾಷೆ ತಿಳಿಯದೆಯೂ ವೇಲ್ಸ್‌ನ ನಕ್ಷೆಯನ್ನು ಓದಬಲ್ಲಳು.

ನಕ್ಷೆ ಬರೆಯುವವರಲ್ಲಿ ವೃತ್ತಿಪರರೂ ಇದ್ದಾರೆ, ಆದರೆ ಸಣ್ಣ ಕ್ಲಬ್‌ಗಳಲ್ಲಿ ಈ ಕೆಲಸ ಹವ್ಯಾಸಿ ಸದಸ್ಯರದೇ. ಚಳಿಗಾಲದಲ್ಲಿ ಎಲೆ ಉದುರಿ ಕಾಡು ಪಾರದರ್ಶಕವಾದಾಗ ಹಲಗೆ, ಪೆನ್ಸಿಲ್ ಹಿಡಿದು ಪ್ರತಿ ಮೂಲೆಯನ್ನೂ ನಡೆದು ನೋಡಬೇಕು. ಒಂದು ಚದರ ಕಿಲೋಮೀಟರ್ ಮುಗಿಸಲು ಹಲವು ದಿನ ಬೇಕು. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಎತ್ತರ ಅಳೆಯುವ ಲೈಡಾರ್ ದತ್ತಾಂಶವನ್ನು ಇಂಗ್ಲೆಂಡಿನ ಪರಿಸರ ಸಂಸ್ಥೆ 2015ರಿಂದ ಮುಕ್ತವಾಗಿ ನೀಡತೊಡಗಿದ್ದು ಹವ್ಯಾಸಿಗಳಿಗೆ ದೊಡ್ಡ ವರವಾಯಿತು. ಸಮೋನ್ನತಿ ರೇಖೆಗಳ ಕರಡು ಈಗ ಮನೆಯಲ್ಲೇ ಸಿದ್ಧವಾಗುತ್ತದೆ. ಸ್ವಿಟ್ಜರ್‌ಲೆಂಡಿನ ‘ಓಕ್ಯಾಡ್’ ಹಣ ಕೊಟ್ಟು ಕೊಳ್ಳುವ ತಂತ್ರಾಂಶ. ‘ಓಪನ್ ಓರಿಯೆಂಟಿಯರಿಂಗ್ ಮ್ಯಾಪರ್’ ಉಚಿತ. ಆದರೆ ಪೊದೆಯೊಳಗೆ ನುಗ್ಗಲು ಸಾಧ್ಯವೇ ಎಂಬುದನ್ನು ನಡೆದು ನೋಡಿದವರೇ ನಿರ್ಧರಿಸಬೇಕು.

ನಕ್ಷೆಗೆ ಆಯುಷ್ಯವೂ ಇದೆ. ಮರ ಕಡಿಯುವ ಯಂತ್ರ ಒಂದು ವಾರ ಓಡಾಡಿದರೆ ಹಳೆಯ ದಾರಿಗಳು ಅಳಿಸಿ ಹೊಸವು ಮೂಡುತ್ತವೆ. 2021ರ ನವೆಂಬರ್ ಕೊನೆಯಲ್ಲಿ ಬೀಸಿದ ಆರ್ವೆನ್ ಬಿರುಗಾಳಿ ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನಲ್ಲಿ ಅಪಾರ ಪ್ರಮಾಣದ ಮರಗಳನ್ನು ಉರುಳಿಸಿತು. ಹೀಗೆ ಮರಗಳು ಅಡ್ಡಬಿದ್ದ ಕಾಡಿನಲ್ಲಿ ವರ್ಷಗಳ ಶ್ರಮದ ನಕ್ಷೆ ಒಂದೇ ರಾತ್ರಿಯಲ್ಲಿ ಸುಳ್ಳಾಗುತ್ತದೆ.

ಸ್ಪರ್ಧೆಯ ಸಿದ್ಧತೆ

ಪ್ರತಿ ಸ್ಪರ್ಧೆಗೂ ಮೂರು ಮುಖ್ಯ ಜವಾಬ್ದಾರಿಗಳು. ಆರ್ಗನೈಸರ್ ವಾಹನ ನಿಲುಗಡೆ, ನೋಂದಣಿ, ಸಹಾಯಕರ ಹಂಚಿಕೆ, ಸುರಕ್ಷತೆಗಳನ್ನು ನೋಡಿಕೊಳ್ಳುತ್ತಾರೆ. ಪ್ಲ್ಯಾನರ್ ಪಥಗಳನ್ನು ರೂಪಿಸುತ್ತಾರೆ. ಇವರಿಬ್ಬರ ಕೆಲಸವನ್ನು ಪರಿಶೀಲಿಸುವವರು ಕಂಟ್ರೋಲರ್. ದೊಡ್ಡ ಸ್ಪರ್ಧೆಗಳಲ್ಲಿ ಕಂಟ್ರೋಲರ್ ಬೇರೊಂದು ಕ್ಲಬ್ಬಿನವರಾಗಿರಬೇಕು ಮತ್ತು ಒಕ್ಕೂಟದ ಪರವಾನಗಿ ಪಡೆದಿರಬೇಕು. ಮಿತ್ರರ ತಪ್ಪನ್ನು ಮಿತ್ರರೇ ನಯವಾಗಿ ಕಡೆಗಣಿಸುವ ಸಾಧ್ಯತೆ ಇದರಿಂದ ತಪ್ಪುತ್ತದೆ.

ಪಥಗಳನ್ನು ಬಣ್ಣಗಳಿಂದ ಹೆಸರಿಸುವುದು ಬ್ರಿಟನ್ನಿನ ಪದ್ಧತಿ. ಬಿಳಿ ಅತ್ಯಂತ ಸುಲಭ. ಅನಂತರ ಹಳದಿ, ಕಿತ್ತಳೆ, ತಿಳಿಹಸಿರು, ಹಸಿರು, ನೀಲಿ, ಕಂದು, ಕಪ್ಪು. ತಾಂತ್ರಿಕ ಕಠಿಣತೆಯನ್ನು ಒಂದರಿಂದ ಐದರವರೆಗೆ ಅಳೆಯುತ್ತಾರೆ. ಬಿಳಿ ಪಥ ಪೂರ್ತಿಯಾಗಿ ಕಾಲುದಾರಿಯಲ್ಲೇ ಸಾಗಬೇಕು, ದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ ಕಂಟ್ರೋಲ್ ಇರಬೇಕು. ಎಂಟು ವರ್ಷದ ಮಗು ತಪ್ಪು ದಾರಿ ಹಿಡಿಯದಂತೆ ಈ ನಿಯಮ. ಹಸಿರಿನಿಂದ ಕಪ್ಪಿನವರೆಗಿನ ಪಥಗಳ ಕಠಿಣತೆ ಒಂದೇ, ದೂರ ಮಾತ್ರ ಬೇರೆ. ಇನ್ನೂ ಚಿಕ್ಕ ಮಕ್ಕಳಿಗಾಗಿ ಮರಗಳ ನಡುವೆ ದಾರವೊಂದನ್ನು ಎಳೆದು, ಅದರ ಗುಂಟ ಚಿತ್ರಗಳನ್ನು ತೂಗುಹಾಕುವ ‘ದಾರದ ಪಥ’ವೂ ಉಂಟು. ಅನುಭವಿ ಪ್ಲ್ಯಾನರ್‌ಗಳು ಕಪ್ಪು ಪಥಕ್ಕಿಂತ ಬಿಳಿ ಪಥಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ನುರಿತ ಓಟಗಾರ ಕೆಟ್ಟ ಪಥವನ್ನು ಬೈದು ಮುಂದಿನ ವಾರ ಮತ್ತೆ ಬರುತ್ತಾನೆ. ದಾರಿ ತಪ್ಪಿ ಅತ್ತ ಮಗುವಿನ ಕುಟುಂಬ ಮತ್ತೆ ಬರುವುದಿಲ್ಲ.

ಕಂಟ್ರೋಲ್ ಇಡುವ ಜಾಗಗಳಿಗೆ ಪ್ಲ್ಯಾನರ್ ಕೆಲವು ವಾರ ಮುಂಚೆಯೇ ಹೋಗಿ ಸಣ್ಣ ಪಟ್ಟಿ ಕಟ್ಟಿ ಬರುತ್ತಾರೆ. ಅದು ಸರಿಯಾದ ಬಂಡೆಯೇ, ಪಕ್ಕದ ಬಂಡೆಯೇ ಎಂದು ಕಂಟ್ರೋಲರ್ ಸ್ವತಂತ್ರವಾಗಿ ಹೋಗಿ ನೋಡುತ್ತಾರೆ. ಸ್ಪರ್ಧೆಯ ದಿನ ಅಲ್ಲಿ ಕಿತ್ತಳೆ-ಬಿಳಿ ಬಣ್ಣದ, 30 ಸೆಂಟಿಮೀಟರ್ ಚೌಕದ ಧ್ವಜವೂ ಸಂಖ್ಯೆಯುಳ್ಳ ವಿದ್ಯುನ್ಮಾನ ಪೆಟ್ಟಿಗೆಯೂ ಇರುತ್ತವೆ. ಈ ಸಂಖ್ಯೆಗಳು 31ರಿಂದ ಶುರುವಾಗುತ್ತವೆ. ಪಥದಲ್ಲಿನ ಒಂದನೆಯ, ಎರಡನೆಯ ಎಂಬ ಕ್ರಮಸಂಖ್ಯೆಯೊಂದಿಗೆ ಅವು ಬೆರೆಯಬಾರದು. ಓಟಗಾರರು ಬೆರಳಿಗೆ ಕಟ್ಟಿಕೊಂಡ, ಬ್ರಿಟನ್ನಿನಲ್ಲಿ ‘ಡಿಬ್ಬರ್’ ಎಂದು ಕರೆಯುವ ಪುಟ್ಟ ಸಾಧನವನ್ನು ಪೆಟ್ಟಿಗೆಗೆ ತಾಗಿಸಿದರೆ ಸಮಯ ದಾಖಲಾಗುತ್ತದೆ. 1990ರ ದಶಕದಲ್ಲಿ ಈ ವ್ಯವಸ್ಥೆ ಬರುವವರೆಗೂ ಸೂಜಿಮೊನೆಯ ಪಂಚಿನಿಂದ ಕಾರ್ಡಿನ ಮೇಲೆ ತೂತು ಮಾಡಿಕೊಳ್ಳಬೇಕಿತ್ತು. ಸಂಜೆಯವರೆಗೆ ಕುಳಿತು ಆ ಕಾರ್ಡುಗಳನ್ನು ಒಂದೊಂದಾಗಿ ಪರೀಕ್ಷಿಸುವುದೂ ಸ್ವಯಂಸೇವಕರ ಕೆಲಸವೇ ಆಗಿತ್ತು.

ಒಂದು ಕಂಟ್ರೋಲ್ ತಪ್ಪಾದ ಜಾಗದಲ್ಲಿದ್ದರೆ ಆ ಪಥದ ಫಲಿತಾಂಶವನ್ನೇ ಅನೂರ್ಜಿತಗೊಳಿಸಬೇಕಾಗಬಹುದು. ಆಗ ತಿಂಗಳುಗಟ್ಟಲೆ ದುಡಿದ ಪ್ಲ್ಯಾನರ್‌ಗೆ ಸಂಬಳವೂ ಇಲ್ಲ, ಮರ್ಯಾದೆಯೂ ಇಲ್ಲ. ಹೊಸ ಸದಸ್ಯರು ಈ ಹೊಣೆಯನ್ನು ಒಪ್ಪಲು ಹಿಂಜರಿಯುವುದಕ್ಕೆ ಇದೂ ಕಾರಣ.

ಸುರಕ್ಷತೆ

ಸ್ಪರ್ಧಿಗಳು ಒಬ್ಬೊಬ್ಬರಾಗಿ, ಕೆಲವು ನಿಮಿಷಗಳ ಅಂತರದಲ್ಲಿ ಕಾಡು ಹೊಗುತ್ತಾರೆ. ಅನಂತರ ಯಾರ ಕಣ್ಣಿಗೂ ಬೀಳದೆ ಗಂಟೆಗಳು ಕಳೆಯಬಹುದು. ಆದ್ದರಿಂದ ಕ್ಲಬ್ಬಿನ ಅತಿ ಮುಖ್ಯ ಲೆಕ್ಕವೆಂದರೆ ಒಳಗೆ ಹೋದವರು ಎಷ್ಟು, ಹೊರಗೆ ಬಂದವರು ಎಷ್ಟು ಎಂಬುದು. ಪಥ ಮುಗಿಸಿರಲಿ, ಅರ್ಧಕ್ಕೆ ಬಿಟ್ಟಿರಲಿ, ಪ್ರತಿಯೊಬ್ಬರೂ ‘ಡೌನ್‌ಲೋಡ್’ ಡೇರೆಗೆ ಬಂದು ಡಿಬ್ಬರ್ ತೋರಿಸಲೇಬೇಕು. ಬೇಸರದಿಂದ ನೇರವಾಗಿ ಕಾರು ಹತ್ತಿ ಮನೆಗೆ ಹೋದ ಒಬ್ಬನಿಗಾಗಿ, ಕತ್ತಲಾಗುವ ಹೊತ್ತಿನಲ್ಲಿ ಇಪ್ಪತ್ತು ಜನ ಒದ್ದೆ ಕಾಡಿನಲ್ಲಿ ಹುಡುಕಬೇಕಾಗುತ್ತದೆ. ಒಂಟಿಯಾಗಿ ಬಂದವರ ಕಾರಿನ ಕೀಲಿಯನ್ನು ಕೆಲವು ಕ್ಲಬ್‌ಗಳು ನೋಂದಣಿ ಮೇಜಿನಲ್ಲೇ ಇರಿಸಿಕೊಳ್ಳುತ್ತವೆ. ಕೀಲಿ ಉಳಿದಿದ್ದರೆ ಮನುಷ್ಯನೂ ಒಳಗೇ ಇದ್ದಾನೆ.

ಪ್ರತಿ ಓಟಗಾರನ ಬಳಿ ಸೀಟಿ ಇರಬೇಕು. ನಿಮಿಷಕ್ಕೆ ಆರು ಸಲ ಊದಿದರೆ ಅದು ಅಪಾಯದ ಕರೆ. ಕೇಳಿಸಿಕೊಂಡವರು ತಮ್ಮ ಸ್ಪರ್ಧೆಯನ್ನು ಬಿಟ್ಟು ನೆರವಿಗೆ ಹೋಗಬೇಕು. ಹವಾಮಾನ ಕೆಟ್ಟಾಗ ಮಳೆಯಂಗಿಯನ್ನು ಕಡ್ಡಾಯಗೊಳಿಸುವ ಅಧಿಕಾರ ಸಂಘಟಕರಿಗಿದೆ. ಕಾಲು ಪೂರ್ತಿ ಮುಚ್ಚುವ ಉಡುಪಿನ ರೂಢಿಗೂ ಒಂದು ಹಿನ್ನೆಲೆ ಇದೆ. ಸ್ವೀಡನ್ನಿನ ಓರಿಯೆಂಟಿಯರಿಂಗ್ ಓಟಗಾರರಲ್ಲಿ 1957ರಿಂದ 1963ರ ವರೆಗೆ ಯಕೃತ್ತಿನ ಉರಿಯೂತ ಐನೂರಕ್ಕೂ ಹೆಚ್ಚು ಜನರಿಗೆ ತಗುಲಿತ್ತು. ಮುಳ್ಳು ಗೀರಿದ ಗಾಯಗಳ ಮೂಲಕ ಸೋಂಕು ಹರಡಿದ್ದು ತನಿಖೆಯಿಂದ ತಿಳಿದುಬಂದ ಮೇಲೆ ಕಾಲು ಮುಚ್ಚಿಕೊಳ್ಳುವುದು ನಿಯಮವಾಯಿತು. ಇಂದು ಅದೇ ಉಡುಪು ಲೈಮ್ ರೋಗ ಹರಡುವ ಉಣ್ಣೆಗಳಿಂದಲೂ ತಕ್ಕಮಟ್ಟಿನ ರಕ್ಷಣೆ ಕೊಡುತ್ತದೆ.

ಸ್ವಯಂಸೇವಕರು

ಕ್ಲಬ್ಬಿನ ಸದಸ್ಯರಿಗೆ ಸಹಾಯವೂ ಓಟವೂ ಒಂದೇ ದಿನ ಸಾಧ್ಯವಾಗುವಂತೆ ಕೆಲಸವನ್ನು ಎರಡು ಪಾಳಿಗಳಾಗಿ ಹಂಚುವುದು ವಾಡಿಕೆ. ಬೆಳಗಿನ ಪಾಳಿಯವರು ಕಾರು ನಿಲ್ಲಿಸಲು ನೆರವಾಗಿ ಮಧ್ಯಾಹ್ನ ಓಡುತ್ತಾರೆ. ಬೇಗ ಓಡಿದವರು ಅನಂತರ ಕಂಟ್ರೋಲ್‌ಗಳನ್ನು ಕಿತ್ತು ತರುತ್ತಾರೆ. ಈ ಭಾಗ್ಯವಿಲ್ಲದವರು ಪ್ಲ್ಯಾನರ್ ಮತ್ತು ಕಂಟ್ರೋಲರ್. ಕಂಟ್ರೋಲ್‌ಗಳೆಲ್ಲಿವೆ ಎಂದು ತಿಳಿದಿರುವುದರಿಂದ ಅವರು ಸ್ಪರ್ಧಿಸುವಂತಿಲ್ಲ.

ಹತ್ತು ವರ್ಷದವರಿಂದ ಎಂಬತ್ತು ದಾಟಿದವರವರೆಗೆ ವಯೋವರ್ಗಗಳಿರುವುದು ಈ ಕ್ರೀಡೆಯ ಬಲ, ಅದೇ ಅದರ ಚಿಂತೆಯೂ ಹೌದು. ಅಜ್ಜಿ, ಮಗ, ಮೊಮ್ಮಗಳು ಒಂದೇ ಕಾಡಿನಲ್ಲಿ ಒಂದೇ ದಿನ ಓಡಬಹುದಾದ ಆಟಗಳು ಕಡಿಮೆ. ಆದರೆ 1970 ಮತ್ತು 80ರ ದಶಕಗಳಲ್ಲಿ ಸೇರಿದ ಪೀಳಿಗೆಯೇ ಅನೇಕ ಕಡೆ ಇನ್ನೂ ನಕ್ಷೆ ಬರೆಯುತ್ತಿದೆ, ಅನುಮತಿ ಕೇಳುತ್ತಿದೆ. ಹದಿನೆಂಟಕ್ಕೆ ವಿಶ್ವವಿದ್ಯಾಲಯಕ್ಕೆಂದು ಹೊರಡುವ ಯುವಕರು ಹುಟ್ಟೂರಿನ ಕ್ಲಬ್ಬಿಗೆ ಮರಳುವುದು ಅಪರೂಪ. ಎಳೆಯ ಮಕ್ಕಳ ತಂದೆತಾಯಂದಿರಿಗೆ ಬಿಡುವಿಲ್ಲ. ಹೀಗೆ ಕೆಲಸ ಕೆಲವೇ ಜನರ ಮೇಲೆ ಬಿದ್ದು, ಅವರು ದಣಿದು ಒಟ್ಟಿಗೇ ಹಿಂದೆ ಸರಿದರೆ ಕ್ಲಬ್ ಕುಸಿಯುತ್ತದೆ ಅಥವಾ ನೆರೆಯ ಕ್ಲಬ್ಬಿನಲ್ಲಿ ವಿಲೀನವಾಗುತ್ತದೆ.

ಇದಕ್ಕೆ ಕ್ಲಬ್‌ಗಳು ಕಂಡುಕೊಂಡ ಫಲಕಾರಿ ಉಪಾಯ ಸಣ್ಣ ಕೆಲಸಗಳನ್ನು ಮೊದಲು ಕೊಡುವುದು. ಸಂಜೆಯ ಉದ್ಯಾನ ಸ್ಪರ್ಧೆಗೆ ಪಥ ಬರೆಯಲು ಹದಿನೈದರ ಹುಡುಗಿಗೆ ಬಿಟ್ಟು, ಪಕ್ಕದಲ್ಲಿ ಒಬ್ಬ ಹಿರಿಯರು ನಿಲ್ಲುವುದು. ಪ್ಲ್ಯಾನರ್ ಹುದ್ದೆಗೆ ಇಬ್ಬರನ್ನು ಜೋಡಿಯಾಗಿ ನೇಮಿಸುವುದು ಇಂತಹವು. ‘ದಯವಿಟ್ಟು ಯಾರಾದರೂ ಮುಂದೆ ಬನ್ನಿ’ ಎಂಬ ಸಾಮೂಹಿಕ ಮನವಿಗೆ ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಹೆಸರು ಹಿಡಿದು, ಒಂದು ನಿರ್ದಿಷ್ಟ ಕೆಲಸಕ್ಕೆ, ಒಂದು ನಿರ್ದಿಷ್ಟ ದಿನಕ್ಕೆ ಕೇಳಿದಾಗ ಇಲ್ಲವೆನ್ನುವವರು ಕಡಿಮೆ.

ಅಂತರ-ಕ್ಲಬ್ ಸ್ಪರ್ಧೆಗಳು

‘ಕಂಪಾಸ್‌ಸ್ಪೋರ್ಟ್ ಕಪ್’ ದೇಶದ ಪ್ರಮುಖ ಅಂತರ-ಕ್ಲಬ್ ಸ್ಪರ್ಧೆ. ಚಿಕ್ಕ ಕ್ಲಬ್‌ಗಳಿಗೆ ಪ್ರತ್ಯೇಕ ಟ್ರೋಫಿ ಇದೆ. ಯಾವುದೇ ಒಂದು ವರ್ಗದಿಂದ ಸೀಮಿತ ಸಂಖ್ಯೆಯ ಅಂಕಗಳನ್ನಷ್ಟೇ ಪರಿಗಣಿಸುವುದರಿಂದ, ವೇಗದ ಯುವಕರ ದಂಡೊಂದನ್ನೇ ಕಟ್ಟಿಕೊಂಡು ಗೆಲ್ಲಲಾಗದು. ಎಪ್ಪತ್ತರ ಓಟಗಾರ್ತಿಯ ಅಂಕಕ್ಕೂ ಇಪ್ಪತ್ತೈದರ ಓಟಗಾರನ ಅಂಕಕ್ಕೂ ತೂಕ ಒಂದೇ. ಕಿರಿಯರ ಅಂತರ-ಕ್ಲಬ್ ಟ್ರೋಫಿಗೆ ಯವೆಟ್ ಬೇಕರ್ ಅವರ ಹೆಸರಿದೆ. 1999ರಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಲ್ಪದೂರದ ಓಟವನ್ನು ಗೆದ್ದು, ಬ್ರಿಟನ್ನಿಗೆ ಮೊದಲ ವಿಶ್ವ ಚಿನ್ನ ತಂದವರು ಅವರು.

ಕೋವಿಡ್ ಸಾಂಕ್ರಾಮಿಕದಿಂದ 2020 ಮತ್ತು 2021ರ ಜೆಕೆ ಉತ್ಸವಗಳು ನಡೆಯಲಿಲ್ಲ. ಆ ಅವಧಿಯಲ್ಲಿ ಅನೇಕ ಕ್ಲಬ್‌ಗಳು ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ‘ಮ್ಯಾಪ್‌ರನ್’ ಎಂಬ ಮೊಬೈಲ್ ಅನ್ವಯವನ್ನು ಬಳಸಿ, ಧ್ವಜವೂ ಪೆಟ್ಟಿಗೆಯೂ ಇಲ್ಲದ ಪಥಗಳನ್ನು ರಚಿಸಿದವು. ಓಟಗಾರನ ಫೋನು ಉಪಗ್ರಹದ ಸಂಕೇತದಿಂದ ಸ್ಥಾನವನ್ನು ಗುರುತಿಸಿ, ಕಂಟ್ರೋಲ್ ತಲುಪಿದಾಗ ಸದ್ದು ಮಾಡುತ್ತದೆ. ಬೀದಿ ಮತ್ತು ಉದ್ಯಾನಗಳಲ್ಲಿ, ಚಳಿಗಾಲದ ಸಂಜೆಗಳ ಅಭ್ಯಾಸಕ್ಕೆ ಈ ಪಥಗಳು ಈಗಲೂ ಬಳಕೆಯಲ್ಲಿವೆ. ದಟ್ಟ ಮರಗಳಡಿ ಸಂಕೇತ ದುರ್ಬಲವಾಗುವುದರಿಂದ ಕಾಡಿನ ಸ್ಪರ್ಧೆಗಳಲ್ಲಿ ಧ್ವಜ, ಪೆಟ್ಟಿಗೆ ಮತ್ತು ಅವುಗಳನ್ನು ಹೊತ್ತೊಯ್ಯುವವರ ಅಗತ್ಯ ಹಾಗೆಯೇ ಉಳಿದಿದೆ.